ಒಂದು ಫೈಲು, ನಾಲ್ಕು ಪೋರ್ಟು: ಫಾಸೆಟ್ ಮತ್ತು ಗೇಜ್ ಜೊತೆ ಎಸ್‌ಡಿಎನ್ ಕಲಿಯುವುದು

ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಬರುವ ಫೋನ್ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. “ಸರ್, ನೆಟ್ ಸ್ಲೋ ಇದೆ.” ಯಾವ ಲ್ಯಾಬು? ಯಾವ ಪೋರ್ಟು? ಯಾವಾಗಿನಿಂದ? ಫೋನ್ ಮಾಡಿದವರಿಗೆ ಗೊತ್ತಿರಲ್ಲ, ಎತ್ತಿದವರಿಗೂ ಗೊತ್ತಿರಲ್ಲ. ಹತ್ತು ಸ್ವಿಚ್ ಇದ್ದರೆ ಹತ್ತಕ್ಕೂ ಒಂದೊಂದಾಗಿ ಲಾಗಿನ್ ಆಗಬೇಕು. ಒಂದರಲ್ಲಿ ಮೂರು ವರ್ಷದ ಹಿಂದೆ ಯಾರೋ ಹಾಕಿದ ವಿಎಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ಜಾಲಗಳಾಗಿ ಒಡೆಯುವ ವ್ಯವಸ್ಥೆ) ಇರುತ್ತದೆ. ಅದು ಯಾಕೆ ಅಲ್ಲಿದೆ ಅಂತ ಹೇಳುವವರು ಕೆಲಸ ಬಿಟ್ಟು ಹೋಗಿರುತ್ತಾರೆ.

ಎಸ್‌ಡಿಎನ್ (ಸಾಫ್ಟ್‌ವೇರ್‌ನಿಂದ ನಡೆಸುವ ನೆಟ್‌ವರ್ಕ್) ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಕ್ಲೌಡ್, ಡೇಟಾ ಸೆಂಟರ್ ಅಂತ ದೊಡ್ಡ ದೊಡ್ಡ ಮಾತಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದರ ಲಾಭ ಅದಕ್ಕಿಂತ ಸರಳ. ನೆಟ್‌ವರ್ಕ್ ಏನು ಮಾಡಬೇಕು ಅನ್ನುವುದು ಒಂದು ಫೈಲಿನಲ್ಲಿ ಬರೆದಿರುತ್ತದೆ. ಅದು ನಿಜವಾಗಿ ಏನು ಮಾಡುತ್ತಿದೆ ಅನ್ನುವುದು ಕೌಂಟರ್‌ಗಳಲ್ಲಿ ಸಿಗುತ್ತದೆ. ಎರಡನ್ನೂ ತಾಳೆ ನೋಡಿದರೆ ಅರ್ಧ ತಕರಾರು ಅಲ್ಲೇ ಬಗೆಹರಿಯುತ್ತದೆ. ಇಲ್ಲಿ ಅದನ್ನೇ ಮಾಡೋಣ. ದುಡ್ಡು ಖರ್ಚಿಲ್ಲ, ಸ್ವಿಚ್ ಬೇಡ, ಒಂದು ಲ್ಯಾಪ್‌ಟಾಪ್ ಸಾಕು.

ಮೊದಲು ಇಷ್ಟು ತಿಳಿದಿರಲಿ

ಮಾಮೂಲಿ ಸ್ವಿಚ್ ಎರಡು ಕೆಲಸ ಮಾಡುತ್ತದೆ. ಪ್ಯಾಕೆಟ್ ಸಾಗಿಸುವುದು ಒಂದು, ಎಲ್ಲಿಗೆ ಸಾಗಿಸಬೇಕು ಅಂತ ತೀರ್ಮಾನ ಮಾಡುವುದು ಇನ್ನೊಂದು. ಎಸ್‌ಡಿಎನ್‌ನಲ್ಲಿ ತೀರ್ಮಾನದ ಕೆಲಸವನ್ನು ಸ್ವಿಚ್‌ನಿಂದ ತೆಗೆದು ಹೊರಗಿನ ಒಂದು ಸರ್ವರ್‌ಗೆ ಕೊಡುತ್ತಾರೆ. ಆ ಸಾಫ್ಟ್‌ವೇರ್‌ಗೆ ಕಂಟ್ರೋಲರ್ ಅಂತ ಹೆಸರು. ಕಂಟ್ರೋಲರ್ ಮತ್ತು ಸ್ವಿಚ್ ಮಾತಾಡಲು ಬಳಸುವ ಭಾಷೆಗಳಲ್ಲಿ ಹೆಸರುವಾಸಿಯಾದದ್ದು ಓಪನ್‌ಫ್ಲೋ. 2008ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಮೆಕ್ಯೋನ್ ಮತ್ತು ಜೊತೆಗಾರರು ಅದನ್ನು ಮುಂದಿಟ್ಟಾಗ ಅವರ ಕಣ್ಣ ಮುಂದಿದ್ದದ್ದು ಕ್ಯಾಂಪಸ್ ನೆಟ್‌ವರ್ಕೇ. ಗೂಗಲ್‌ನವರು ತಮ್ಮ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬಿ4 ಜಾಲದಲ್ಲಿ ಇದನ್ನು ಬಳಸಿದ ಬಗ್ಗೆ 2013ರಲ್ಲಿ ಬರೆದ ಮೇಲೆ ದೊಡ್ಡವರೆಲ್ಲ ಈ ಕಡೆ ತಿರುಗಿದರು. ಹುಟ್ಟಿದ್ದು ಮಾತ್ರ ಕಾಲೇಜಿನ ಅಂಗಳದಲ್ಲಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಎರಡು ಸ್ವಿಚ್, ಇಪ್ಪತ್ತು ಕಂಪ್ಯೂಟರ್ ಇರುವ ಆಫೀಸಿಗೆ ಇದು ಬೇಕಾಗಿಲ್ಲ. ಅಲ್ಲಿ ಸ್ವಿಚ್‌ನ ವೆಬ್ ಪೇಜೇ ಸಾಕು. ಲ್ಯಾಬ್, ಹಾಸ್ಟೆಲ್, ಆಫೀಸ್, ಸಿಸಿಟಿವಿ ಎಲ್ಲ ಬೇರೆ ಬೇರೆ ಇರಬೇಕು, ನಿಯಮಗಳು ಆಗಾಗ ಬದಲಾಗುತ್ತವೆ ಅನ್ನುವ ಕಡೆ ಮಾತ್ರ ಇದರ ಶ್ರಮಕ್ಕೆ ಬೆಲೆ.

ಕಂಟ್ರೋಲರ್‌ಗಳು ಬಹಳ ಇವೆ. ಓನೋಸ್ ಮತ್ತು ಓಪನ್‌ಡೇಲೈಟ್ ದೊಡ್ಡ ಜಾಲಗಳಿಗೆ, ಕಲಿಯಲು ಭಾರ. ಹಳೆಯ ಪಾಠಗಳಲ್ಲೆಲ್ಲ ಸಿಗುವ ರ್ಯು ಈಗ ನಿರ್ವಹಣೆಯಲ್ಲಿಲ್ಲ. ಹೊಸ ಪೈಥಾನ್ ಮೇಲೆ ಅದನ್ನು ಎಬ್ಬಿಸಲು ಹೋದರೆ ಸುಮ್ನೆ ಒಂದು ದಿನ ಹಾಳು. ನಾನು ಇಲ್ಲಿ ಆರಿಸಿಕೊಂಡದ್ದು ಫಾಸೆಟ್. ಇದರಲ್ಲಿ ಪ್ರೋಗ್ರಾಮ್ ಬರೆಯುವ ಅಗತ್ಯವೇ ಇಲ್ಲ. ಯಾಮಲ್ ಅನ್ನುವ ಸರಳ ಪಠ್ಯ ರೂಪದ ಒಂದು ಫೈಲ್ ತಿದ್ದಲು ಬಂದರೆ ಆಯಿತು. ಜೊತೆಗೆ ಗೇಜ್ ಅನ್ನುವ ತಮ್ಮ ಇದ್ದಾನೆ, ಅವನ ಕೆಲಸ ಬರೀ ಲೆಕ್ಕ ಕೇಳುವುದು.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ಉಬುಂಟು ಇರುವ ಒಂದು ಲ್ಯಾಪ್‌ಟಾಪ್ ಅಥವಾ ವರ್ಚುವಲ್ ಮಷೀನ್ ಬೇಕು. 4 ಜಿಬಿ ರ್ಯಾಮ್ ಇದ್ದರೆ ಧಾರಾಳವಾಯಿತು. ಹಾಕಬೇಕಾದದ್ದು ಎರಡು:

- ಮಿನಿನೆಟ್. ಒಂದೇ ಮಷೀನಿನೊಳಗೆ ಸ್ವಿಚ್, ಕೇಬಲ್, ಕಂಪ್ಯೂಟರ್ ಎಲ್ಲವನ್ನೂ ಹುಟ್ಟಿಸುವ ಸಾಧನ. ಇದರ ಜೊತೆ ಓಪನ್ ವಿಸ್ವಿಚ್ ಅನ್ನುವ ಸಾಫ್ಟ್‌ವೇರ್ ಸ್ವಿಚ್ ತಾನಾಗಿಯೇ ಬರುತ್ತದೆ. ಉಬುಂಟುವಿನ ಮಾಮೂಲಿ ಭಂಡಾರದಿಂದಲೇ ಎಪಿಟಿ ಮೂಲಕ ಹಾಕಬಹುದು.
- ಫಾಸೆಟ್-ಆಲ್-ಇನ್-ಒನ್. ಇದು ಫಾಸೆಟ್‌ನವರ ಸ್ವಂತ ಭಂಡಾರದಲ್ಲಿದೆ. ಅವರ ದಾಖಲೆಯಲ್ಲಿ ಹೇಳಿದಂತೆ ಮೊದಲು ಆ ಭಂಡಾರ ಸೇರಿಸಿ, ಆಮೇಲೆ ಹಾಕಿ. ಫಾಸೆಟ್, ಗೇಜ್, ಪ್ರೊಮಿತಿಯಸ್ (ಲೆಕ್ಕ ಕೂಡಿಡುವುದು), ಗ್ರಫಾನಾ (ಗ್ರಾಫ್ ತೋರಿಸುವುದು) ನಾಲ್ಕೂ ಒಟ್ಟಿಗೆ ಬರುತ್ತವೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಹಾಕಿದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಫಾಸೆಟ್ 6653ನೇ ಟಿಸಿಪಿ ಪೋರ್ಟಿನಲ್ಲಿ, ಗೇಜ್ 6654ರಲ್ಲಿ ಕಿವಿಗೊಟ್ಟು ಕೂರುತ್ತವೆ. “ಎಸ್‌ಎಸ್” ಕಮಾಂಡಿನಿಂದ ಎರಡೂ ಪೋರ್ಟ್ ಯಾರ ಕೈಯಲ್ಲಿದೆ ನೋಡಿ. ಓಪನ್ ವಿಸ್ವಿಚ್ ಜೊತೆ ಕೆಲವೊಮ್ಮೆ ಬರುವ ಟೆಸ್ಟ್ ಕಂಟ್ರೋಲರ್ 6653 ಹಿಡಿದು ಕೂತಿದ್ದರೆ ಫಾಸೆಟ್ ಏಳುವುದಿಲ್ಲ. ಏಳದಿದ್ದರೂ ನೆಟ್‌ವರ್ಕ್ ಓಡುತ್ತಿರುವಂತೆ ಕಾಣುತ್ತದೆ, ಯಾಕಂದ್ರೆ ಆ ಟೆಸ್ಟ್ ಕಂಟ್ರೋಲರೇ ಉತ್ತರ ಕೊಡುತ್ತಿರುತ್ತದೆ! ಅದನ್ನು ನಿಲ್ಲಿಸಿ, ಬೂಟ್ ಆದಾಗ ಏಳದಂತೆಯೂ ಮಾಡಿ.

ಹಂತ 2: ನೆಟ್‌ವರ್ಕ್ ಹೇಗಿರಬೇಕು ಅಂತ ಬರೆಯಿರಿ

ನಮ್ಮ ಪುಟ್ಟ ಕಾಲೇಜಿನಲ್ಲಿ ಒಂದೇ ಸ್ವಿಚ್, ನಾಲ್ಕು ಪೋರ್ಟ್. 1 ಮತ್ತು 2ನೇ ಪೋರ್ಟ್ ಆಫೀಸಿಗೆ, 3 ಮತ್ತು 4 ಲ್ಯಾಬಿಗೆ. ಆಫೀಸಿನವರು ತಮ್ಮತಮ್ಮಲ್ಲೇ ಮಾತಾಡಬೇಕು, ಲ್ಯಾಬಿನವರು ತಮ್ಮಲ್ಲೇ. ಫೀಸು, ಅಂಕಪಟ್ಟಿ ಇರುವ ಕಂಪ್ಯೂಟರ್ ಹತ್ತಿರ ಲ್ಯಾಬಿನ ಟ್ರಾಫಿಕ್ ಸುಳಿಯಲೇಬಾರದು.

ಇಟಿಸಿ ಫೋಲ್ಡರ್ ಒಳಗಿನ ಫಾಸೆಟ್ ಫೋಲ್ಡರಿನಲ್ಲಿ ಫಾಸೆಟ್.ಯಾಮಲ್ ಅನ್ನುವ ಫೈಲ್ ಇರುತ್ತದೆ. ಅದನ್ನು ತೆರೆಯಿರಿ. ಬರೆಯಬೇಕಾದದ್ದು ಎರಡು ಭಾಗ.

ಮೊದಲನೆಯದು “ವಿಎಲ್ಯಾನ್ಸ್”. ಅದರ ಕೆಳಗೆ ಆಫೀಸ್ ಅಂತ ಒಂದು ಹೆಸರು, ಅದಕ್ಕೆ ವಿಐಡಿ 100. ಲ್ಯಾಬ್ ಅಂತ ಇನ್ನೊಂದು, ಅದಕ್ಕೆ ವಿಐಡಿ 200.

ಎರಡನೆಯದು “ಡಿಪಿಎಸ್”, ಅಂದರೆ ಸ್ವಿಚ್‌ಗಳ ಪಟ್ಟಿ. ಇಲ್ಲಿ ಎಸ್‌ಡಬ್ಲ್ಯು1 ಅಂತ ಒಂದು ಸ್ವಿಚ್ ಬರೆಯಿರಿ. ಅದರ ಡಿಪಿ_ಐಡಿ 1, ಹಾರ್ಡ್‌ವೇರ್ ಓಪನ್ ವಿಸ್ವಿಚ್. ಅದರೊಳಗೆ “ಇಂಟರ್‌ಫೇಸಸ್”, ಅದರ ಕೆಳಗೆ 1ರಿಂದ 4ರವರೆಗೆ ಪೋರ್ಟ್ ಸಂಖ್ಯೆಗಳು. ಪ್ರತಿ ಪೋರ್ಟಿಗೂ ಒಂದು ನೇಮ್, ಒಂದು ನೇಟಿವ್_ವಿಎಲ್ಯಾನ್. ಮೊದಲ ಎರಡಕ್ಕೆ ಆಫೀಸ್, ಉಳಿದೆರಡಕ್ಕೆ ಲ್ಯಾಬ್.

ಡಿಪಿ_ಐಡಿ ಅನ್ನುವುದು ಸ್ವಿಚ್‌ನ ಗುರುತಿನ ಸಂಖ್ಯೆ. ಸ್ವಿಚ್ ಹೇಳುವ ಸಂಖ್ಯೆಯೂ ಫೈಲಿನಲ್ಲಿರುವ ಸಂಖ್ಯೆಯೂ ಹೊಂದದಿದ್ದರೆ ಫಾಸೆಟ್ ಆ ಸ್ವಿಚ್ಚನ್ನು ಮಾತಾಡಿಸುವುದಿಲ್ಲ. ಗೊತ್ತಿಲ್ಲದ ಸ್ವಿಚ್ ಬಂದಿದೆ ಅಂತ ಲಾಗ್‌ನಲ್ಲಿ ಬರೆದು ಸುಮ್ಮನಾಗುತ್ತದೆ. ಮಿನಿನೆಟ್‌ನ ಮೊದಲ ಸ್ವಿಚ್‌ಗೆ ಯಾವಾಗಲೂ 1 ಇರುತ್ತದೆ, ಹಾಗಾಗಿ ಇಲ್ಲಿ ತೊಂದರೆ ಇಲ್ಲ. ನಿಜವಾದ ಸ್ವಿಚ್‌ನಲ್ಲಿ ಮಾತ್ರ ಇದನ್ನು ಎರಡು ಸಲ ನೋಡಿ.

ಪೋರ್ಟಿನ ಹೆಸರಿನ ವಿಷಯದಲ್ಲಿ ಜಿಪುಣತನ ಬೇಡ. “ಪೋರ್ಟ್3” ಅಂತ ಇಡಬೇಡಿ. “ಲ್ಯಾಬ್2-ಕಿಟಕಿಸಾಲು” ಅಂತ ಇಡಿ. ಇದೇ ಹೆಸರು ಆಮೇಲೆ ಗ್ರಾಫಿನಲ್ಲಿ, ಅಲರ್ಟಿನಲ್ಲಿ ಬರುತ್ತದೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಪದ ಮಾತ್ರ ನಿಮ್ಮ ಕಾಲೇಜಿನ ಅಟೆಂಡರ್‌ಗೂ ಅರ್ಥವಾಗುವಂಥದ್ದಾಗಿರಲಿ.

ಯಾಮಲ್‌ನಲ್ಲಿ ಟ್ಯಾಬ್ ಒತ್ತುವಂತಿಲ್ಲ, ಸ್ಪೇಸ್ ಮಾತ್ರ. ಒಂದು ಸ್ಪೇಸ್ ಆಚೀಚೆಯಾದರೂ ಅರ್ಥ ಬದಲಾಗುತ್ತದೆ. ಅದಕ್ಕೇ ಫೈಲ್ ಉಳಿಸಿದ ಮೇಲೆ “ಚೆಕ್_ಫಾಸೆಟ್_ಕಾನ್ಫಿಗ್” ಕಮಾಂಡಿಗೆ ಫೈಲಿನ ದಾರಿ ಕೊಟ್ಟು ಓಡಿಸಿ. ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಆಮೇಲೆ “ಸಿಸ್ಟಮ್‌ಸಿಟಿಎಲ್ ರೀಲೋಡ್ ಫಾಸೆಟ್”. ಪರೀಕ್ಷೆ ಮರೆತು ತಪ್ಪು ಫೈಲನ್ನೇ ರೀಲೋಡ್ ಮಾಡಿದರೂ ಓಡುತ್ತಿರುವ ಫಾಸೆಟ್ ಹೊಸದನ್ನು ತಿರಸ್ಕರಿಸಿ ಹಳೆಯದರಲ್ಲೇ ಮುಂದುವರಿಯುತ್ತದೆ. ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಮುಂದೊಂದು ದಿನ ಸರ್ವರ್ ರೀಬೂಟ್ ಆದಾಗ ಆ ತಪ್ಪು ಫೈಲೇ ಎದುರಾಗುತ್ತದೆ.

ಈ ಫೋಲ್ಡರನ್ನು ಇವತ್ತೇ ಗಿಟ್‌ಗೆ (ಫೈಲಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ) ಸೇರಿಸಿ, ಮುಂದಿನ ವಾರ ಅಂತ ಬಿಡಬೇಡಿ. ಪ್ರತಿ ಬದಲಾವಣೆಗೂ ಒಂದು ಸಾಲಿನ ಕಾರಣ ಬರೆಯಿರಿ: “ಪ್ರಿಂಟರ್ 2ನೇ ಮಹಡಿಗೆ ಹೋಯಿತು, ಅದಕ್ಕೆ ಪೋರ್ಟ್ 7 ಆಫೀಸಿಗೆ.” ಮೂರು ವರ್ಷದ ಹಿಂದಿನ ವಿಎಲ್ಯಾನ್ ಯಾಕಿದೆ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ಹಂತ 3: ಸ್ವಿಚ್ ಎಬ್ಬಿಸಿ, ಪಿಂಗ್ ಮಾಡಿ

ಮಿನಿನೆಟ್‌ನ ಕಮಾಂಡ್ “ಎಂಎನ್”. ಸುಡೋ ಜೊತೆ ಓಡಿಸಬೇಕು. ಆಯ್ಕೆಗಳು ಹೀಗೆ: ಟೋಪೋಗೆ “ಸಿಂಗಲ್,4”, ಅಂದರೆ ಒಂದು ಸ್ವಿಚ್ (ಹೆಸರು ಎಸ್1), ನಾಲ್ಕು ಹೋಸ್ಟ್ ಅಥವಾ ಕಂಪ್ಯೂಟರ್ (ಎಚ್1ರಿಂದ ಎಚ್4). ಸ್ವಿಚ್‌ಗೆ “ಓವಿಎಸ್‌ಕೆ”. ಮ್ಯಾಕ್ ಆಯ್ಕೆಯನ್ನೂ ಸೇರಿಸಿ, ಆಗ ಮ್ಯಾಕ್ ವಿಳಾಸಗಳು (ನೆಟ್‌ವರ್ಕ್ ಕಾರ್ಡಿನ ಗುರುತು) 1, 2, 3 ಅಂತ ಓದಲು ಸುಲಭವಾಗಿರುತ್ತವೆ. ಲಿಂಕ್‌ಗೆ “ಟಿಸಿ,ಬಿಡಬ್ಲ್ಯು=10” ಕೊಡಿ, ಪ್ರತಿ ಕೇಬಲ್ 10 ಎಂಬಿಪಿಎಸ್‌ಗೆ ಕಟ್ಟುಬೀಳುತ್ತದೆ. ಇದು ಆಮೇಲೆ ಗ್ರಾಫ್ ನೋಡುವಾಗ ಬೇಕು. ಕಂಟ್ರೋಲರ್ ಆಯ್ಕೆಯನ್ನು ಎರಡು ಸಲ ಕೊಡಬೇಕು. ಎರಡೂ “ರಿಮೋಟ್”, ಎರಡಕ್ಕೂ ಐಪಿ 127.0.0.1, ಒಂದರ ಪೋರ್ಟ್ 6653, ಇನ್ನೊಂದರದ್ದು 6654. ಎರಡನೆಯದನ್ನು ಮರೆತರೆ ನೆಟ್‌ವರ್ಕ್ ಚೆನ್ನಾಗಿಯೇ ಓಡುತ್ತದೆ, ಗ್ರಾಫ್ ಮಾತ್ರ ಖಾಲಿ ಇರುತ್ತದೆ.

ಮಿನಿನೆಟ್ ಪ್ರಾಂಪ್ಟ್ ಬಂದ ಮೇಲೆ “ಪಿಂಗ್‌ಆಲ್” ಅನ್ನಿ. ನಾಲ್ಕು ಹೋಸ್ಟ್‌ಗಳು ಒಬ್ಬರನ್ನೊಬ್ಬರು ಕರೆಯುತ್ತವೆ, ಒಟ್ಟು 12 ಕರೆ. ಕೊನೆಯ ಸಾಲಿನಲ್ಲಿ 66% ಡ್ರಾಪ್, 12ರಲ್ಲಿ 4 ಮಾತ್ರ ತಲುಪಿದೆ ಅಂತ ಬರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಗಾಬರಿ ಬೇಡ, ನಾವು ಕೇಳಿದ್ದೇ ಇದು. 1 ಮತ್ತು 2 ಪರಸ್ಪರ, 3 ಮತ್ತು 4 ಪರಸ್ಪರ, ಒಟ್ಟು ನಾಲ್ಕು. ಉಳಿದ ಎಂಟು ಕರೆ ಆಫೀಸ್-ಲ್ಯಾಬ್ ಗೋಡೆಗೆ ಬಡಿದು ನಿಂತಿವೆ. ನಾಲ್ಕೂ ಹೋಸ್ಟ್‌ಗಳ ಐಪಿ 10.0.0.1ರಿಂದ 10.0.0.4, ಒಂದೇ ಸಾಲಿನವು. ಆದರೂ ಆಚೆ ದಾಟಲಿಲ್ಲ. ಪೂರ್ತಿ 12 ತಲುಪಿದ್ದರೆ ಆಗ ಗಾಬರಿಯಾಗಬೇಕು. ಫಾಸೆಟ್ ಬದಲು ಬೇರೆ ಯಾರೋ ಸ್ವಿಚ್ ನಡೆಸುತ್ತಿದ್ದಾರೆ ಅಂತ ಅರ್ಥ.

ಒಂದೂ ತಲುಪದಿದ್ದರೆ? “ಓವಿಎಸ್-ವಿಎಸ್‌ಸಿಟಿಎಲ್ ಶೋ” ಓಡಿಸಿ. 6653 ಇರುವ ಕಂಟ್ರೋಲರ್ ಸಾಲಿನ ಕೆಳಗೆ “ಈಸ್_ಕನೆಕ್ಟೆಡ್: ಟ್ರೂ” ಇದೆಯಾ ನೋಡಿ. ಇಲ್ಲದಿದ್ದರೆ ಫಾಸೆಟ್ ಎದ್ದಿಲ್ಲ ಅಥವಾ ಪೋರ್ಟ್ ತಪ್ಪಿದೆ. ಇದ್ದೂ ಪಿಂಗ್ ಹೋಗದಿದ್ದರೆ ಡಿಪಿ_ಐಡಿ ತಪ್ಪಿರಬಹುದು. ವಾರ್ ಫೋಲ್ಡರಿನ ಲಾಗ್ ಒಳಗಿನ ಫಾಸೆಟ್ ಫೋಲ್ಡರಿನಲ್ಲಿ ಫಾಸೆಟ್.ಲಾಗ್ ಇದೆ, ಅದರ ಕೊನೆಯ ಇಪ್ಪತ್ತು ಸಾಲು ಓದಿದರೆ ಕಾರಣ ಸಿಗುತ್ತದೆ.

ಹಂತ 4: ಫ್ಲೋ ಟೇಬಲ್ ಓದಲು ಕಲಿಯಿರಿ

ಇದು ಇಡೀ ಲೇಖನದ ಮುಖ್ಯ ಭಾಗ. ಉಳಿದದ್ದನ್ನು ಮರೆತರೂ ಇದನ್ನು ಕಲಿಯಿರಿ.

ಇನ್ನೊಂದು ಟರ್ಮಿನಲ್ ತೆರೆದು “ಓವಿಎಸ್-ಓಎಫ್‌ಸಿಟಿಎಲ್” ಕಮಾಂಡಿಗೆ ಓಪನ್‌ಫ್ಲೋ13 ಅಂತ ಆವೃತ್ತಿ ಕೊಟ್ಟು, “ಡಂಪ್-ಫ್ಲೋಸ್ ಎಸ್1” ಅನ್ನಿ. ಸಾಲು ಸಾಲಾಗಿ ಬಂದು ಪರದೆ ತುಂಬುತ್ತದೆ. ಇದೇ ಫ್ಲೋ ಟೇಬಲ್, ಕಂಟ್ರೋಲರ್ ಸ್ವಿಚ್‌ಗೆ ಕೊಟ್ಟ ನಿಯಮಗಳ ಪಟ್ಟಿ. ಒಂದೊಂದು ಸಾಲೂ ಒಂದು ನಿಯಮ. ನೋಡಬೇಕಾದದ್ದು ಐದೇ ಸಂಗತಿ:

- ಟೇಬಲ್ – ನಿಯಮ ಯಾವ ಕೋಷ್ಟಕದಲ್ಲಿದೆ. ಪ್ಯಾಕೆಟ್ ಚಿಕ್ಕ ಸಂಖ್ಯೆಯಿಂದ ದೊಡ್ಡದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.
- ಪ್ರಯಾರಿಟಿ – ಒಂದೇ ಟೇಬಲ್‌ನಲ್ಲಿ ಎರಡು ನಿಯಮ ಹೊಂದಿದರೆ ದೊಡ್ಡ ಸಂಖ್ಯೆಯದ್ದು ಗೆಲ್ಲುತ್ತದೆ.
- ಹೊಂದಿಕೆ – ಯಾವ ಪೋರ್ಟಿನಿಂದ, ಯಾವ ಮ್ಯಾಕ್‌ನಿಂದ, ಯಾವ ವಿಎಲ್ಯಾನ್‌ನಲ್ಲಿ ಬಂದ ಪ್ಯಾಕೆಟ್.
- ಆಕ್ಷನ್ಸ್ – ಅದನ್ನು ಏನು ಮಾಡಬೇಕು. ಮುಂದಿನ ಟೇಬಲ್‌ಗೆ ಕಳಿಸು, ಇಂಥ ಪೋರ್ಟಿಗೆ ಬಿಡು, ಡ್ರಾಪ್ ಮಾಡು.
- ಎನ್_ಪ್ಯಾಕೆಟ್ಸ್ – ಈ ನಿಯಮಕ್ಕೆ ಇದುವರೆಗೆ ಎಷ್ಟು ಪ್ಯಾಕೆಟ್ ಸಿಕ್ಕಿದೆ.

ಕೊನೆಯದೇ ಬಂಗಾರ. ಎಚ್1ನಿಂದ ಎಚ್2ಗೆ ಹತ್ತು ಪಿಂಗ್ ಕಳಿಸಿ, ಮತ್ತೆ ಡಂಪ್ ನೋಡಿ. ಎಚ್2ರ ಮ್ಯಾಕ್‌ಗೆ ಕಳಿಸುವ ಸಾಲಿನಲ್ಲಿ ಸಂಖ್ಯೆ ಏರಿರುತ್ತದೆ. ಸರಿಯಾಗಿ ಹತ್ತೇ ಏರಬೇಕೆಂದಿಲ್ಲ, ನಡುವೆ ಎಆರ್‌ಪಿ (ಈ ಐಪಿಯ ಮ್ಯಾಕ್ ಯಾವುದು ಅಂತ ಕೇಳುವ ಸಂದೇಶ) ಕೂಡ ಓಡಾಡುತ್ತದೆ. ಈಗ ಎಚ್1ನಿಂದ ಎಚ್3ಕ್ಕೆ ಪಿಂಗ್ ಮಾಡಿ ನೋಡಿ. ಎಚ್3ರ ಮ್ಯಾಕ್‌ನ ಸಾಲು ಒಂದಿಷ್ಟೂ ಅಲುಗುವುದಿಲ್ಲ. ಎಚ್1 ಕೇಳಿದ “10.0.0.3 ಯಾರು?” ಅನ್ನುವ ಎಆರ್‌ಪಿ ಕೂಗು ಆಫೀಸ್ ವಿಎಲ್ಯಾನ್‌ನ ಒಳಗೇ ಸುತ್ತಿ ಮುಗಿದಿರುತ್ತದೆ. ಅದು 3ನೇ ಪೋರ್ಟಿಗೆ ಕೇಳಿಸಲೇ ಇಲ್ಲ.

“ನೆಟ್ ಹೋಗ್ತಿಲ್ಲ” ಅನ್ನುವ ದೂರಿಗೆ ಇದಕ್ಕಿಂತ ಚೊಕ್ಕ ವಿಚಾರಣೆ ಇಲ್ಲ. ಪ್ಯಾಕೆಟ್ ಸ್ವಿಚ್‌ಗೆ ಬಂದಿದೆಯಾ, ಬಂದಿದ್ದರೆ ಯಾವ ಸಾಲಿನಲ್ಲಿ ನಿಂತಿತು, ಎರಡೂ ಕಣ್ಣೆದುರಿಗೆ ಇರುತ್ತದೆ. ಎಲ್ಲೂ ಎಣಿಕೆ ಏರದಿದ್ದರೆ ಕೇಬಲ್ ನೋಡಲು ಹೊರಡಿ.

ಹಂತ 5: ಒಂದು ನಿಜವಾದ ತಲೆನೋವಿಗೆ ನಿಯಮ ಹಾಕಿ

ಹಾಸ್ಟೆಲ್ ಅಥವಾ ಲ್ಯಾಬ್ ನೋಡಿಕೊಂಡವರಿಗೆಲ್ಲ ಇದು ಗೊತ್ತು. ಯಾರೋ ಹುಡುಗ ಮನೆಯಿಂದ ವೈಫೈ ರೌಟರ್ ತಂದು ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾನೆ. ಅದೂ ವ್ಯಾನ್ ಪೋರ್ಟಿಗೆ ಹಾಕುವ ಬದಲು ಲ್ಯಾನ್ ಪೋರ್ಟಿಗೆ. ಆ ರೌಟರ್ ಸುತ್ತಲಿನ ಕಂಪ್ಯೂಟರ್‌ಗಳಿಗೆಲ್ಲ 192.168 ಸಾಲಿನ ಐಪಿ ಹಂಚಲು ಶುರು ಮಾಡುತ್ತದೆ. ಅರ್ಧ ಲ್ಯಾಬಿಗೆ ನೆಟ್ ಇಲ್ಲ, ಇನ್ನರ್ಧಕ್ಕೆ ಇದೆ. ಯಾವ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ ಅದೃಷ್ಟ ಇದ್ದಂತೆ ಆಗುತ್ತದೆ.

ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಉತ್ತರ ಕೊಡುವುದು ಯುಡಿಪಿ 67ನೇ ಪೋರ್ಟಿನಿಂದ. ಕೇಳುವ ಕಂಪ್ಯೂಟರ್ ಕೇಳುವುದು 68ರಿಂದ. ಲ್ಯಾಬಿನ ಕಂಪ್ಯೂಟರ್‌ಗಳು 67ರಿಂದ ಮಾತಾಡಲು ಯಾವ ಕಾರಣವೂ ಇಲ್ಲ. ಹಾಗಾಗಿ ನಿಯಮ ಸುಲಭ.

ಫಾಸೆಟ್.ಯಾಮಲ್‌ನಲ್ಲಿ “ಎಸಿಎಲ್ಸ್” ಅಂತ ಮೂರನೇ ಭಾಗ ಸೇರಿಸಿ. ಎಸಿಎಲ್ ಅಂದರೆ ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿ. ಅದರಲ್ಲಿ “ನಕಲಿ-ಡಿಎಚ್‌ಸಿಪಿ-ತಡೆ” ಅನ್ನುವಂಥ ಒಂದು ಹೆಸರು, ಅದರ ಕೆಳಗೆ ಎರಡು “ರೂಲ್”. ಮೊದಲ ರೂಲ್: ಡಿಎಲ್_ಟೈಪ್ 0x800, ಅಂದರೆ ಐಪಿವಿ4. ಐಪಿ_ಪ್ರೋಟೋ 17, ಅಂದರೆ ಯುಡಿಪಿ. ಯುಡಿಪಿ_ಎಸ್‌ಆರ್‌ಸಿ 67. ಆಕ್ಷನ್ಸ್‌ನಲ್ಲಿ ಅಲೌ ಫಾಲ್ಸ್. ಎರಡನೇ ರೂಲ್‌ನಲ್ಲಿ ಯಾವ ಷರತ್ತೂ ಇಲ್ಲ, ಆಕ್ಷನ್ಸ್‌ನಲ್ಲಿ ಅಲೌ ಟ್ರೂ. ಆಮೇಲೆ 3 ಮತ್ತು 4ನೇ ಪೋರ್ಟಿನ ಕೆಳಗೆ “ಎಸಿಎಲ್ಸ್_ಇನ್” ಅಂತ ಬರೆದು, ಈ ಹೆಸರನ್ನು ಚೌಕ ಆವರಣದಲ್ಲಿ ಕೊಡಿ.

ಎರಡನೇ ರೂಲ್ ಯಾಕೆ ಅಂತ ಕೇಳಬಹುದು. ಎಸಿಎಲ್ ಹಾಕಿದ ಪೋರ್ಟಿನಲ್ಲಿ ಯಾವ ರೂಲ್‌ಗೂ ಹೊಂದದ ಪ್ಯಾಕೆಟ್ ತಾನಾಗಿಯೇ ಡ್ರಾಪ್ ಆಗುತ್ತದೆ. ಆ ಒಂದು ಸಾಲು ಬಿಟ್ಟರೆ ನಕಲಿ ರೌಟರ್ ಜೊತೆ ಇಡೀ ಲ್ಯಾಬೂ ಮಲಗುತ್ತದೆ. ಚೆಕ್_ಫಾಸೆಟ್_ಕಾನ್ಫಿಗ್ ಇದನ್ನು ಹಿಡಿಯುವುದಿಲ್ಲ, ಯಾಕಂದ್ರೆ ಫೈಲ್ ಸರಿಯಾಗಿಯೇ ಇದೆ.

ಪರೀಕ್ಷಿಸಿ, ರೀಲೋಡ್ ಮಾಡಿ. ಮೊದಲು ಎಚ್3ರಿಂದ ಎಚ್4ಕ್ಕೆ ಪಿಂಗ್, ಅದು ಹೋಗಬೇಕು. ಆಮೇಲೆ ಎಚ್3ರಲ್ಲಿ “ಎನ್‌ಸಿ” ಬಳಸಿ, ಹೊರಡುವ ಪೋರ್ಟ್ 67 ಅಂತ ಕೊಟ್ಟು, 10.0.0.4ಕ್ಕೆ ಒಂದು ಯುಡಿಪಿ ಸಂದೇಶ ಕಳಿಸಿ. ಡಂಪ್-ಫ್ಲೋಸ್‌ನಲ್ಲಿ ಡ್ರಾಪ್ ಸಾಲಿನ ಎನ್_ಪ್ಯಾಕೆಟ್ಸ್ ಸೊನ್ನೆಯಿಂದ ಒಂದಕ್ಕೆ ಏರಿದ್ದರೆ ಗೆದ್ದಿರಿ.

ಇದೇ ಸಾಲು ಮುಂದೆ ಪತ್ತೇದಾರಿಯ ಕೆಲಸವನ್ನೂ ಮಾಡುತ್ತದೆ. ಯಾವ ಪೋರ್ಟಿನ ಡ್ರಾಪ್ ಎಣಿಕೆ ಏರುತ್ತಿದೆಯೋ ಆ ಸಾಕೆಟ್‌ನಲ್ಲೇ ರೌಟರ್ ಇದೆ. ಲ್ಯಾಬ್ ಪೂರ್ತಿ ಹುಡುಕುವುದು ಬೇಡ. ಬೇಕಿದ್ದರೆ ಆ ಪೋರ್ಟುಗಳಿಗೆ “ಮ್ಯಾಕ್ಸ್_ಹೋಸ್ಟ್ಸ್” ಅಂತ ಇಟ್ಟು, ಒಂದು ಸಾಕೆಟ್‌ನಲ್ಲಿ ಎಷ್ಟು ಮ್ಯಾಕ್ ಕಲಿಯಬಹುದು ಅನ್ನುವುದಕ್ಕೂ ಮಿತಿ ಹಾಕಬಹುದು.

ಹಂತ 6: ಗೇಜ್ ಮತ್ತು ಗ್ರಾಫ್

ಹಳೆಯ ಪದ್ಧತಿಯಲ್ಲಿ ಸ್ವಿಚ್‌ಗಳ ಲೆಕ್ಕ ಕೇಳಲು ಎಸ್‌ಎನ್‌ಎಂಪಿ ಬಳಸುತ್ತೇವೆ. ಅದರಲ್ಲೊಂದು ಪ್ರಸಿದ್ಧ ಹೊಂಡ ಇದೆ. ಹಳೆಯ ಬೈಟ್ ಕೌಂಟರ್ 32 ಬಿಟ್‌ನದ್ದು, ಸುಮಾರು 429 ಕೋಟಿ ಬೈಟ್ ಆದಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ತುಂಬಿ ಹರಿಯುವ 1 ಜಿಬಿಪಿಎಸ್ ಲಿಂಕ್‌ನಲ್ಲಿ ಇದಕ್ಕೆ 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ಕೇಳುವವರಿಗೆ ಎಷ್ಟು ಸುತ್ತು ಹೊಡೆಯಿತು ಅಂತ ಹೇಗೆ ಗೊತ್ತಾಗಬೇಕು? ಎಸ್‌ಎನ್‌ಎಂಪಿಯಲ್ಲೂ ಈಗ 64 ಬಿಟ್ ಕೌಂಟರ್ ಇದೆ, ಆದರೆ ನೆನಪಿಟ್ಟು ಅದನ್ನೇ ಕೇಳಬೇಕು. ಓಪನ್‌ಫ್ಲೋ ಕೌಂಟರ್‌ಗಳು ಮೊದಲಿಂದಲೂ 64 ಬಿಟ್.

ಫಾಸೆಟ್ ಫೋಲ್ಡರಿನಲ್ಲೇ ಗೇಜ್.ಯಾಮಲ್ ಇದೆ. ಅದರಲ್ಲಿ “ವಾಚರ್ಸ್” ಅನ್ನುವ ಪಟ್ಟಿ ಇರುತ್ತದೆ. ಪೋರ್ಟ್_ಸ್ಟೇಟ್ ಕೇಬಲ್ ಎದ್ದದ್ದು, ಬಿದ್ದದ್ದು ಹೇಳುತ್ತದೆ. ಪೋರ್ಟ್_ಸ್ಟ್ಯಾಟ್ಸ್ ಬೈಟು, ಪ್ಯಾಕೆಟ್ಟು, ಎರರ್ ಲೆಕ್ಕ ಕೊಡುತ್ತದೆ. ಫ್ಲೋ_ಟೇಬಲ್ ನಾವು ಕೈಯಾರೆ ನೋಡಿದ ನಿಯಮಗಳ ಎಣಿಕೆಯನ್ನೇ ತರುತ್ತದೆ. ಪೋರ್ಟ್_ಸ್ಟ್ಯಾಟ್ಸ್‌ಗೆ ಇಂಟರ್ವಲ್ 10 ಸೆಕೆಂಡು ಇಡಿ, ಫ್ಲೋ_ಟೇಬಲ್‌ಗೆ 60 ಸಾಕು. ನಮ್ಮ ಸ್ವಿಚ್‌ನ ಹೆಸರು ಇಲ್ಲಿಯೂ ಹೊಂದಬೇಕು ಅಥವಾ “ಆಲ್_ಡಿಪಿಎಸ್: ಟ್ರೂ” ಅಂತ ಇರಬೇಕು. ಡಿಬಿ ಜಾಗದಲ್ಲಿ ಪ್ರೊಮಿತಿಯಸ್.

ಗೇಜ್ ತನ್ನ ಲೆಕ್ಕವನ್ನು 9303ನೇ ಪೋರ್ಟಿನಲ್ಲಿ ತೆರೆದಿಡುತ್ತದೆ, ಫಾಸೆಟ್ 9302ರಲ್ಲಿ. ಪ್ರೊಮಿತಿಯಸ್‌ನ ಫೈಲಿನಲ್ಲಿ ಎರಡನ್ನೂ ಟಾರ್ಗೆಟ್ ಆಗಿ ಬರೆಯಿರಿ. ಗ್ರಫಾನಾ ಸಿಗುವುದು 3000ನೇ ಪೋರ್ಟಿನಲ್ಲಿ. ಮೊದಲ ಸಲ ಅಡ್ಮಿನ್, ಅಡ್ಮಿನ್ ಅಂತ ಒಳಹೋಗಿ, ಕೂಡಲೇ ಪಾಸ್‌ವರ್ಡ್ ಬದಲಿಸಿ. ಅದರಲ್ಲಿ ಡೇಟಾ ಸೋರ್ಸ್ ಆಗಿ 9090ರಲ್ಲಿರುವ ಪ್ರೊಮಿತಿಯಸ್ ಕೊಡಿ.

ಗ್ರಾಫಿಗೆ ಬೇಕಾದ ಮೊದಲ ಪ್ರಶ್ನೆ ಒಂದೇ. “ಓಎಫ್_ಪೋರ್ಟ್_ಆರ್‌ಎಕ್ಸ್_ಬೈಟ್ಸ್” ತಗೊಂಡು, ಅದಕ್ಕೆ 1 ನಿಮಿಷದ “ರೇಟ್” ಹಾಕಿ, 8ರಿಂದ ಗುಣಿಸಿ. ಬೈಟು ಬಿಟ್ ಆಗಬೇಕಲ್ಲ, ಅದಕ್ಕೆ 8. ಪ್ರೊಮಿತಿಯಸ್ 15 ಸೆಕೆಂಡಿಗೊಮ್ಮೆ ಕೇಳುವಂತಿದ್ದರೆ 1 ನಿಮಿಷದ ಕಿಟಕಿ ಸರಿಯಾಗುತ್ತದೆ. ತೀರಾ ಚಿಕ್ಕದಿಟ್ಟರೆ ಗ್ರಾಫಿನಲ್ಲಿ ತೂತು ಬೀಳಬಹುದು.

ಈಗ ಟ್ರಾಫಿಕ್ ಹುಟ್ಟಿಸಿ. ಮಿನಿನೆಟ್‌ನಲ್ಲಿ “ಐಪರ್ಫ್ ಎಚ್1 ಎಚ್2” ಅಂದರೆ ಐದು ಸೆಕೆಂಡಿಗೆ ಮುಗಿದುಹೋಗುತ್ತದೆ. 10 ಸೆಕೆಂಡಿಗೊಮ್ಮೆ ಕೇಳುವ ಗೇಜ್‌ಗೆ ಅದು ಮಂಕಾಗಿ, ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎಚ್2ರಲ್ಲಿ ಐಪರ್ಫ್ ಸರ್ವರ್ ಎಬ್ಬಿಸಿ, ಎಚ್1ರಿಂದ 120 ಸೆಕೆಂಡು ಓಡಿಸಿ. ಗ್ರಾಫ್ ಏರಿ 10 ಎಂಬಿಪಿಎಸ್ ಹತ್ತಿರ ನೆಟ್ಟಗೆ ನಿಲ್ಲುತ್ತದೆ. ನಾವು ಕೇಬಲ್‌ಗೆ ಹಾಕಿದ ಮಿತಿಯೇ ಅದು.

ಇಲ್ಲಿ ಎಲ್ಲರೂ ಒಮ್ಮೆ ತಡವರಿಸುತ್ತಾರೆ. ಎಚ್1 ಕಳಿಸುತ್ತಿದೆ, ಆದರೆ ಏರಿದ್ದು 1ನೇ ಪೋರ್ಟಿನ ಆರ್‌ಎಕ್ಸ್ (ಬಂದದ್ದು), ಟಿಎಕ್ಸ್ (ಹೋದದ್ದು) ಅಲ್ಲ. ಲೆಕ್ಕ ಸ್ವಿಚ್‌ನ ಕಡೆಯಿಂದ. ಎಚ್1 ಕಳಿಸಿದ್ದು ಸ್ವಿಚ್‌ಗೆ ಬಂದದ್ದು. ಹಾಗಾಗಿ ಬಳಕೆದಾರರ ಡೌನ್‌ಲೋಡ್ ನೋಡಬೇಕಿದ್ದರೆ ಅವರ ಪೋರ್ಟಿನ ಟಿಎಕ್ಸ್ ನೋಡಿ. ಗ್ರಾಫಿನ ಮೇಲೆ ಆರ್‌ಎಕ್ಸ್, ಟಿಎಕ್ಸ್ ಅಂತ ಬರೆಯುವ ಬದಲು “ಬಳಕೆದಾರರಿಂದ”, “ಬಳಕೆದಾರರಿಗೆ” ಅಂತ ಬರೆದಿಡಿ. ಪ್ರಿನ್ಸಿಪಾಲರಿಗೆ ತೋರಿಸುವಾಗ ವಿವರಣೆ ಉಳಿಯುತ್ತದೆ.

ಹಂತ 7: ಅಲರ್ಟ್, ಆದರೆ ಅವಸರ ಬೇಡ

ಮೊದಲ ವಾರ ಯಾವ ಅಲರ್ಟೂ ಹಾಕಬೇಡಿ, ಸುಮ್ನೆ ನೋಡಿ. ಬೆಳಿಗ್ಗೆ ಲ್ಯಾಬ್ ಶುರುವಾಗುವಾಗ ಎಷ್ಟು ಏರುತ್ತದೆ, ಊಟದ ಹೊತ್ತಿನಲ್ಲಿ ಎಷ್ಟು ಇಳಿಯುತ್ತದೆ, ಪರೀಕ್ಷೆ ಫಲಿತಾಂಶದ ದಿನ ಏನಾಗುತ್ತದೆ. ಮಾಮೂಲಿ ಯಾವುದು ಅಂತ ಗೊತ್ತಾಗದೆ ಹಾಕಿದ ಅಲರ್ಟ್ ರಾತ್ರಿಯೆಲ್ಲ ಬಡಿದುಕೊಳ್ಳುತ್ತದೆ. ನಾಲ್ಕನೇ ದಿನ ನೀವೇ ಅದನ್ನು ಮ್ಯೂಟ್ ಮಾಡುತ್ತೀರಿ.

ಆಮೇಲೆ ಮೂರರಿಂದ ಶುರು ಮಾಡಿ. ಒಂದು, ಫಾಸೆಟ್ ಕೊಡುವ “ಡಿಪಿ_ಸ್ಟೇಟಸ್” ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಸೊನ್ನೆ ಇದ್ದರೆ, ಅಂದರೆ ಸ್ವಿಚ್ ಮತ್ತು ಕಂಟ್ರೋಲರ್ ಮಾತು ಬಿಟ್ಟಿದ್ದರೆ. ಎರಡು, ಮೇಲಿನ ಮಹಡಿಗೆ ಹೋಗುವಂಥ ಮುಖ್ಯ ಲಿಂಕ್‌ನಲ್ಲಿ ಎರರ್ ಎಣಿಕೆ ಏರುತ್ತಿದ್ದರೆ. ಅದು ಸಾಮಾನ್ಯವಾಗಿ ಹಾಳಾದ ಕೇಬಲ್ ಅಥವಾ ಕನೆಕ್ಟರ್. ಮೂರು, ನಮ್ಮ ನಕಲಿ ಡಿಎಚ್‌ಸಿಪಿ ಸಾಲಿನ ಎಣಿಕೆ ಏರಿದರೆ. ಲಿಂಕ್ 80% ತುಂಬಿತು ಅನ್ನುವಂಥ ಅಲರ್ಟ್‌ಗಳು ಕಾಯಬಲ್ಲವು.

ಇದು ಕಾಣದ ಸಂಗತಿಗಳೂ ಇವೆ. ವೈಫೈ ಸಿಗ್ನಲ್ ದುರ್ಬಲವಾಗಿದ್ದರೆ ಸ್ವಿಚ್‌ಗೆ ಗೊತ್ತಾಗಲ್ಲ. ಹೊರಗಿನ ಇಂಟರ್ನೆಟ್ ಲೈನ್ ನಿಧಾನವಾಗಿದ್ದರೆ ಬೈಟು ಕಡಿಮೆ ಕಾಣುತ್ತದೆ ಅಷ್ಟೆ, ಕಾರಣ ತಿಳಿಯಲ್ಲ. ಅದಕ್ಕೆ ಹೊರಗಿನ ಒಂದು ವಿಳಾಸಕ್ಕೆ ನಿಮಿಷಕ್ಕೊಮ್ಮೆ ಪಿಂಗ್ ಮಾಡಿ, ಆ ಸಮಯವನ್ನೂ ಇದೇ ಗ್ರಫಾನಾದಲ್ಲಿ ಪಕ್ಕದಲ್ಲಿಡಿ.

ಹಂತ 8: ಕಂಟ್ರೋಲರ್ ಕೊಂದು ನೋಡಿ

ನಿಜವಾದ ಸ್ವಿಚ್ ಮುಟ್ಟುವ ಮೊದಲು ಇದನ್ನು ಮಾಡಲೇಬೇಕು. ಎಚ್1ರಿಂದ ಎಚ್2ಗೆ ಪಿಂಗ್ ಓಡುತ್ತಿರಲಿ. ಇನ್ನೊಂದು ಟರ್ಮಿನಲ್‌ನಲ್ಲಿ ಫಾಸೆಟ್ ಸರ್ವಿಸ್ ನಿಲ್ಲಿಸಿ. ಪಿಂಗ್ ನಿಲ್ಲುವುದಿಲ್ಲ! ಈಗಾಗಲೇ ತುಂಬಿದ ನಿಯಮಗಳು ಸ್ವಿಚ್‌ನಲ್ಲೇ ಇರುತ್ತವೆ, ಪ್ಯಾಕೆಟ್ ಸಾಗಿಸಲು ಅವು ಸಾಕು. ಕಂಟ್ರೋಲರ್ ಸತ್ತರೆ ಎಲ್ಲ ಸತ್ತಂತೆ ಅನ್ನುವ ಮಾತು ಅರ್ಧ ಸುಳ್ಳು.

ಉಳಿದರ್ಧ ನೋಡೋಣ. ಫಾಸೆಟ್ ನಿಂತೇ ಇರಲಿ. ಮಿನಿನೆಟ್‌ನಿಂದ ಹೊರಬಂದು ಮತ್ತೆ ಅದೇ ಕಮಾಂಡಿನಿಂದ ಎಬ್ಬಿಸಿ. ಪಿಂಗ್‌ಆಲ್ ಮಾಡಿದರೆ 100% ಡ್ರಾಪ್. ಹೊಸದಾಗಿ ಎದ್ದ ಸ್ವಿಚ್‌ನ ಟೇಬಲ್ ಖಾಲಿ, ತುಂಬಲು ಯಾರೂ ಇಲ್ಲ.

ನಮ್ಮೂರುಗಳಲ್ಲಿ ಇದು ಬರೀ ಪ್ರಯೋಗ ಅಲ್ಲ. ಕರೆಂಟ್ ಹೋಗಿ ಬಂದಾಗ ಆಗುವುದೇ ಇದು. ಸ್ವಿಚ್ ಎದ್ದು ನಿಂತಿರುತ್ತದೆ, ಕಂಟ್ರೋಲರ್ ಸರ್ವರ್ ಇನ್ನೂ ಬೂಟ್ ಆಗುತ್ತಿರುತ್ತದೆ ಅಥವಾ ಯಾರಾದರೂ ಪವರ್ ಬಟನ್ ಒತ್ತಲಿ ಅಂತ ಕಾಯುತ್ತಿರುತ್ತದೆ. ಹಾಗಾಗಿ ಸರ್ವರ್ ಯುಪಿಎಸ್ ಮೇಲಿರಲಿ. ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನಾಗಿ ಏಳುವ ಆಯ್ಕೆ ಹಾಕಿ. ಸಾಧ್ಯವಾದರೆ ಇನ್ನೊಂದು ಮಷೀನ್‌ನಲ್ಲಿ ಅದೇ ಫೈಲ್ ಇಟ್ಟು ಎರಡನೇ ಫಾಸೆಟ್ ಓಡಿಸಿ, ಸ್ವಿಚ್‌ಗೆ ಎರಡರ ವಿಳಾಸವನ್ನೂ ಕೊಡಿ. ಎರಡೂ ಫೈಲ್ ಅಕ್ಷರಶಃ ಒಂದೇ ಆಗಿರಬೇಕು, ಗಿಟ್ ಇಲ್ಲೂ ನೆರವಾಗುತ್ತದೆ.

ಕೆಲವರು “ಸ್ಟ್ಯಾಂಡ್‌ಅಲೋನ್ ಮೋಡ್ ಹಾಕಿದ್ರೆ ಆಯ್ತಲ್ಲ, ಕಂಟ್ರೋಲರ್ ಇಲ್ಲದಿದ್ರೂ ಮಾಮೂಲಿ ಸ್ವಿಚ್ ಥರ ಓಡುತ್ತೆ” ಅನ್ನುತ್ತಾರೆ. ಓಡುತ್ತೆ, ನಿಜ. ಆದರೆ ಆಗ ನಿಮ್ಮ ಆಫೀಸ್-ಲ್ಯಾಬ್ ಗೋಡೆ ಇರುವುದಿಲ್ಲ, ನಾಲ್ಕೂ ಪೋರ್ಟ್ ಒಂದೇ ಅಂಗಳ. ಇನ್ನೊಂದು ಸೂಕ್ಷ್ಮ ಇದೆ. ಓಪನ್ ವಿಸ್ವಿಚ್ ಆ ಮೋಡ್‌ಗೆ ಇಳಿಯುವುದು ಯಾವ ಕಂಟ್ರೋಲರೂ ಸಿಗದಿದ್ದಾಗ ಮಾತ್ರ. ಫಾಸೆಟ್ ಸತ್ತು ಗೇಜ್ ಬದುಕಿದ್ದರೆ ಅದು ಗೇಜನ್ನೇ ಕಂಟ್ರೋಲರ್ ಅಂತ ನಂಬಿ ಸುಮ್ಮನಿರುತ್ತದೆ. ಅಂಕಪಟ್ಟಿ ಇರುವ ಕಡೆ, ಕಂಟ್ರೋಲರ್ ಇಲ್ಲದಾಗ ಈಗಾಗಲೇ ಇರುವ ನಿಯಮಗಳನ್ನಷ್ಟೇ ಪಾಲಿಸುವ ಸೆಕ್ಯೂರ್ ಮೋಡನ್ನು ಕೈಬಿಡಬೇಡಿ.

ಹಂತ 9: ನಿಜವಾದ ಸ್ವಿಚ್ ಕೊಳ್ಳುವಾಗ

ಅಂಗಡಿಯಲ್ಲಿ ಸಿಗುವ ಅಗ್ಗದ ಸ್ವಿಚ್‌ಗಳಲ್ಲಿ ಬಹುಪಾಲಿಗೆ ಓಪನ್‌ಫ್ಲೋ ಬರುವುದಿಲ್ಲ. ಬರುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಸಾಲದು. ಫಾಸೆಟ್‌ಗೆ ಬೇಕಾದದ್ದು ಓಪನ್‌ಫ್ಲೋ 1.3, ಅದೂ ಹಲವು ಟೇಬಲ್‌ಗಳಿರುವಂಥದ್ದು. ಫಾಸೆಟ್‌ನವರ ದಾಖಲೆಯಲ್ಲಿ ಅಲೈಡ್ ಟೆಲಿಸಿಸ್, ಅರೂಬಾ, ಸಿಸ್ಕೋ ಕೆಟಲಿಸ್ಟ್ 9000 ಸರಣಿಗಳಿಗೆ ಪ್ರತ್ಯೇಕ ಸೂಚನೆಗಳಿವೆ. ಮಾಡೆಲ್ ಸಂಖ್ಯೆಯನ್ನು ಅಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ.

ಮಾರುವವರಿಗೆ ಕೇಳಬೇಕಾದ ಪ್ರಶ್ನೆಗಳು ಇವು. ಹಾರ್ಡ್‌ವೇರ್‌ನಲ್ಲಿ ಎಷ್ಟು ಫ್ಲೋ ಹಿಡಿಯುತ್ತದೆ? ನಿಯಮಗಳು ಕೂರುವ ಟಿಕ್ಯಾಮ್ ಮೆಮೊರಿ ದುಬಾರಿ, ಹಾಗಾಗಿ ಜಾಗ ಸೀಮಿತ. ಜಾಗ ಮುಗಿದರೆ ಏನಾಗುತ್ತದೆ, ನಿಯಮ ತಿರಸ್ಕಾರವಾಗುತ್ತದೋ ಅಥವಾ ಸ್ವಿಚ್‌ನ ಪುಟ್ಟ ಸಿಪಿಯು ಮೇಲೆ ಬಿದ್ದು ತೆವಳುತ್ತದೋ? ಓಪನ್‌ಫ್ಲೋಗೆ ಬೇರೆ ಲೈಸೆನ್ಸ್ ಬೇಕಾ? ಕಂಟ್ರೋಲರ್ ಜೊತೆಗಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಇದೆಯಾ? ಮ್ಯಾನೇಜ್‌ಮೆಂಟ್‌ಗೆ ಬೇರೆ ಪೋರ್ಟ್ ಇದೆಯಾ? ಕೊನೆಯದು ಮುಖ್ಯ. ಕಂಟ್ರೋಲರ್‌ಗೆ ಹೋಗುವ ದಾರಿ, ಕಂಟ್ರೋಲರ್ ನಡೆಸುವ ಜಾಲದ ಮೇಲೇ ಇದ್ದರೆ ಒಂದು ತಪ್ಪು ಎಸಿಎಲ್ ನಿಮ್ಮನ್ನೇ ಹೊರಗೆ ಹಾಕುತ್ತದೆ.

ಸ್ವಿಚ್ ಬಂದ ಮೇಲೆ ಒಂದೇ ಲ್ಯಾಬಿನಿಂದ ಶುರು ಮಾಡಿ, ಸರ್ವರ್ ರೂಮಿನಿಂದ ಬೇಡ. ರಜೆಯ ದಿನ ಇಟ್ಟುಕೊಳ್ಳಿ, ಕನ್ಸೋಲ್ ಕೇಬಲ್ ಕೈಯಲ್ಲಿರಲಿ, ಹಳೆಯ ಸ್ವಿಚ್ ಅದೇ ರ್ಯಾಕ್‌ನಲ್ಲಿ ಪಕ್ಕಕ್ಕಿರಲಿ. ಮಿನಿನೆಟ್‌ನಲ್ಲಿ ಬಳಸಿದ ಫೈಲನ್ನೇ ತಂದು ಡಿಪಿ_ಐಡಿ, ಹಾರ್ಡ್‌ವೇರ್, ಪೋರ್ಟ್ ಸಂಖ್ಯೆ ಮಾತ್ರ ಬದಲಿಸಿ. ನಾಲ್ಕು ಲ್ಯಾಪ್‌ಟಾಪ್ ಹಾಕಿ ಮತ್ತೆ ಅದೇ 12 ಪಿಂಗ್ ಮಾಡಿ. 4 ತಲುಪಿದರೆ ವಿದ್ಯಾರ್ಥಿಗಳ ಕೇಬಲ್‌ಗಳನ್ನು ಒಂದೊಂದಾಗಿ ಇತ್ತ ವರ್ಗಾಯಿಸಬಹುದು.